ಮನೆಯ ಗಣಕಯಂತ್ರದಲ್ಲಿ ಬಹುಪದರ ಧ್ವನಿಮುದ್ರಣ

ಸೋಬಾನೆ ಪದದ ರಚನೆಯಲ್ಲಿಯೇ ಸಮೂಹವು ಅಡಗಿದೆ. ಒಬ್ಬಾಕೆ ಸೊಲ್ಲೆತ್ತಿದರೆ ಉಳಿದವರು ಅದನ್ನು ಎತ್ತಿಕೊಂಡು ಮರುನುಡಿಯುತ್ತಾರೆ. ನಾಡಿನಿಂದ ಹೊರಬಂದು ನೆಲಸಿದ ಕುಟುಂಬಗಳಲ್ಲಿ ಈ ಸಮೂಹವು ಚದುರಿಹೋಗಿರುತ್ತದೆ. ಸೊಲ್ಲು ಬಲ್ಲ ಅಜ್ಜಿ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದರೆ, ದನಿಗೂಡಿಸಬಲ್ಲ ತಂಗಿ ಮೈಸೂರಿನಲ್ಲಿಯೂ ಸೊಸೆ ವಿಜಯವಾಡದಲ್ಲಿಯೂ ಇರಬಹುದು. ಇಂಥವರ ಹಾಡನ್ನು ಗಣಕಯಂತ್ರದ ಸಾಮಾನ್ಯ ಸೌಂಡ್‌ಕಾರ್ಡಿನಿಂದ ಮುದ್ರಿಸುವ ಬಗೆಯೇನು, ಹಾಗೆ ಮುದ್ರಿಸಿದುದು ಸಂಶೋಧನೆಗೆ ಎಷ್ಟರಮಟ್ಟಿಗೆ ಆಧಾರವಾದೀತು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಒಂದು ದನಿಯ ಮೇಲೆ ಇನ್ನೊಂದನ್ನು ಪೇರಿಸುವ ಕ್ರಮವು ಹೊಸದಲ್ಲ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1948ರಲ್ಲಿ ಪ್ರಕಟವಾದ 'ಲವರ್' ಎಂಬ ಮುದ್ರಿಕೆಗಾಗಿ ತನ್ನ ಮನೆಯಲ್ಲಿಯೇ ಒಂದು ತಟ್ಟೆಯಿಂದ ಇನ್ನೊಂದಕ್ಕೆ ದನಿಗಳನ್ನು ಪೇರಿಸುತ್ತ ಹೋದನು. ಆ ವಿಧಾನದಲ್ಲಿ ಹಳೆಯ ಪದರಗಳು ಹೊಸದರೊಡನೆ ಬೆರೆತುಹೋಗುತ್ತಿದ್ದವು. ಕಡೆಯಲ್ಲಿ ತಪ್ಪಿದರೆ ಹಿಂದಿನ ಶ್ರಮವೂ ವ್ಯರ್ಥ. ಗಣಕಯಂತ್ರದಲ್ಲಿಯಾದರೋ ಪ್ರತಿಯೊಂದು ಪದರವೂ ಪ್ರತ್ಯೇಕವಾಗಿಯೇ ಉಳಿಯುತ್ತದೆ.

ಸಾಮಾನ್ಯ ಸೌಂಡ್‌ಕಾರ್ಡು ಏಕಕಾಲಕ್ಕೆ ಒಂದೆರಡು ವಾಹಿನಿಗಳನ್ನು ಮಾತ್ರ ಒಳಕ್ಕೆ ತೆಗೆದುಕೊಳ್ಳಬಲ್ಲದು. ಆದರೆ ಹಿಂದೆ ಮುದ್ರಿಸಿದುದನ್ನು ನುಡಿಸುತ್ತಿರುವಾಗಲೇ ಹೊಸದನ್ನು ಮುದ್ರಿಸಿಕೊಳ್ಳುವ ಶಕ್ತಿ ಅದಕ್ಕುಂಟು. ಆದಕಾರಣ ನಾಲ್ವರನ್ನು ಒಟ್ಟಿಗೆ ಮುದ್ರಿಸಲಾಗದಿದ್ದರೂ ಒಬ್ಬರಾದ ಮೇಲೊಬ್ಬರನ್ನು ಮುದ್ರಿಸಬಹುದು. 2000ದಲ್ಲಿ ಹೊರಬಂದ ಆಡಾಸಿಟಿ ಎಂಬ ಉಚಿತ ತಂತ್ರಾಂಶವು ಈ ಕೆಲಸಕ್ಕೆ ಸಾಕು. ಹಾಡುವವರು ಹಿಂದಿನ ಪದರವನ್ನು ಹೆಡ್‌ಫೋನಿನಲ್ಲಿಯೇ ಕೇಳಬೇಕು. ಇಲ್ಲವಾದರೆ ಅದು ಮೈಕಿನ ಮೂಲಕ ಹೊಸ ಪದರಕ್ಕೂ ನುಸುಳುತ್ತದೆ.

ಇಲ್ಲಿ ಮುಖ್ಯವಾದ ತೊಡಕು ವಿಳಂಬ. ದನಿಯು ಯಂತ್ರದೊಳಗೆ ಹೊಕ್ಕು ಹೊರಡುವಷ್ಟರಲ್ಲಿ ಸ್ವಲ್ಪ ಕಾಲ ಕಳೆಯುತ್ತದೆ. ಅದು ಸೆಕೆಂಡಿನ ಹತ್ತನೆಯ ಒಂದು ಭಾಗವಾದರೂ, ಹಿಮ್ಮೇಳವು 34 ಮೀಟರು ದೂರದಲ್ಲಿ ನಿಂತು ಹಾಡಿದಂತೆ ಹಿಂದೆ ಬೀಳುತ್ತದೆ. ಪರಿಹಾರವು ಸುಲಭ. ತಾಳದ ಟಕಟಕ ಸದ್ದನ್ನು ಮೊದಲ ಪದರವಾಗಿಟ್ಟು, ಹೆಡ್‌ಫೋನನ್ನು ಮೈಕಿಗೆ ಒತ್ತಿಹಿಡಿದು, ಅದೇ ಸದ್ದನ್ನು ಎರಡನೆಯ ಪದರದಲ್ಲಿ ಮುದ್ರಿಸಬೇಕು. ಎರಡರ ನಡುವಣ ಅಂತರವೇ ವಿಳಂಬದ ಅಳತೆ. ಅದನ್ನು ತಂತ್ರಾಂಶದ ವಿಳಂಬ ತಿದ್ದುಪಡಿಯಲ್ಲಿ ಸೇರಿಸಿದರೆ ಮುಂದಿನ ಪದರಗಳು ತಾವಾಗಿಯೇ ಸರಿಹೊಂದುತ್ತವೆ.

ದ್ವಾರಕಾ ನಗರವು ಬಸ್ ನಿಲ್ದಾಣದ ನೆರೆಯಲ್ಲಿರುವ ವ್ಯಾಪಾರದ ಬಡಾವಣೆ. ಹಗಲಿನಲ್ಲಿ ವಾಹನಗಳ ಸದ್ದು ತಪ್ಪಿದ್ದಲ್ಲ. ನಸುಕಿನ ವೇಳೆ, ಒಳಕೋಣೆಯಲ್ಲಿ, ಬಟ್ಟೆ ತುಂಬಿದ ಕಪಾಟನ್ನು ತೆರೆದಿಟ್ಟು, ಫ್ಯಾನನ್ನು ನಿಲ್ಲಿಸಿ ಮುದ್ರಿಸುವುದು ಮೇಲು. ಕಡಲತೀರದ ಸೆಕೆಯಲ್ಲಿ ವೃದ್ಧರಿಗೆ ಇದು ಶ್ರಮವಾದ್ದರಿಂದ ಪದಪದಕ್ಕೂ ವಿರಾಮ ಕೊಡತಕ್ಕದ್ದು. ದನಿಯ ಮಟ್ಟವು ಗರಿಷ್ಠ ಮಿತಿಗಿಂತ 6ರಿಂದ 12 ಡೆಸಿಬೆಲ್ ಕೆಳಗಿರಲಿ. ಮಿತಿ ಮೀರಿ ಒಡೆದ ದನಿಯನ್ನು ಮತ್ತೆ ಮೊದಲಿನಂತೆ ಮಾಡುವುದು ಸಾಧ್ಯವಿಲ್ಲ. ಸೆಕೆಂಡಿಗೆ 44,100 ಮಾದರಿಗಳಂತೆ, 16 ಬಿಟ್ಟಿನಲ್ಲಿ, ಒಂದು ದನಿಗೆ ನಿಮಿಷಕ್ಕೆ ಸುಮಾರು 5.3 ಮೆಗಾಬೈಟು ಜಾಗ ಬೇಕಾಗುತ್ತದೆ. ನಾಲ್ಕು ನಿಮಿಷದ ಪದಕ್ಕೆ ನಾಲ್ಕು ಪದರಗಳೆಂದರೂ 85 ಮೆಗಾಬೈಟು ಮಾತ್ರ.

ದೂರದ ಊರಿನವರನ್ನು ಸೇರಿಸುವುದೂ ಇದೇ ಬಗೆ. ಅಜ್ಜಿಯ ಸೊಲ್ಲನ್ನು ಮೈಸೂರಿಗೆ ಕಳುಹಿಸಿದರೆ, ತಂಗಿಯು ಅದನ್ನು ತನ್ನ ಯಂತ್ರದಲ್ಲಿ ಕೇಳುತ್ತ ಹಾಡಬಹುದು. ನುಡಿಸುವುದೂ ಮುದ್ರಿಸುವುದೂ ಒಂದೇ ಕಾರ್ಡಿನ ಗಡಿಯಾರಕ್ಕೆ ಒಳಪಟ್ಟಿರುವುದರಿಂದ ಎರಡು ಪದರಗಳು ಕಡೆಯವರೆಗೂ ಜೊತೆಯಾಗಿ ಸಾಗುತ್ತವೆ. ಬೇರೆ ಬೇರೆ ಕಾರ್ಡುಗಳಲ್ಲಿ ಏಕಕಾಲಕ್ಕೆ ಮುದ್ರಿಸಿದಾಗ ಹೀಗಾಗದು. ಅವುಗಳ ಗಡಿಯಾರಗಳಲ್ಲಿ ಹತ್ತುಸಾವಿರಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಹತ್ತು ನಿಮಿಷದಲ್ಲಿ 60 ಮಿಲಿಸೆಕೆಂಡುಗಳ ಅಂತರ ಬೀಳುತ್ತದೆ.

ಇನ್ನು ಪ್ರಾಮಾಣ್ಯದ ಪ್ರಶ್ನೆ. ಹೀಗೆ ಕೂಡಿಸಿದ ಹಾಡು ಒಂದು ಮದುವೆಯ ಚಪ್ಪರದಲ್ಲಿ ನಡೆದ ಘಟನೆಯ ದಾಖಲೆಯಲ್ಲ. ಹಿಮ್ಮೇಳಕ್ಕೆಂದು ಅಳತೆಯಿಂದ ಮೌನ ಬಿಟ್ಟು ಹಾಡುವ ಅಜ್ಜಿಯು, ಜೊತೆಯವರ ದನಿ ಕೇಳಿ ಲಯವನ್ನು ಬದಲಿಸುವ ಅಜ್ಜಿಯಲ್ಲ. ಈ ಭೇದವನ್ನು ಮರೆತು ಬೆರೆತ ಪ್ರತಿಯೊಂದನ್ನೇ ಉಳಿಸಿದರೆ ಮುಂದಿನ ಅಭ್ಯಾಸಿಯು ದಾರಿತಪ್ಪುವುದು ಖಂಡಿತ. ಆದುದರಿಂದ ಪ್ರತಿ ಪದರವನ್ನೂ ಸಂಕೋಚಿಸದ ರೂಪದಲ್ಲಿ ಬೇರೆಯಾಗಿ ಕಾಪಾಡಬೇಕು. ಹಾಡಿದವರು ಯಾರು, ಎಲ್ಲಿ, ಎಂದು, ಯಾವ ಪದರವನ್ನು ಕೇಳುತ್ತ ಹಾಡಿದರು ಎಂಬ ವಿವರವನ್ನು ಅವರ ಒಪ್ಪಿಗೆ ಪಡೆದು ಬರೆದಿಡಬೇಕು. ಅಜ್ಜಿಯ ಒಂಟಿ ದನಿಯ ಪದರವು ಪದೋಚ್ಚಾರಣೆಯ ಅಧ್ಯಯನಕ್ಕೆ ಗುಂಪಿನ ಮುದ್ರಣಕ್ಕಿಂತಲೂ ಸ್ಪಷ್ಟವಾದ ಸಾಮಗ್ರಿಯಾಗಬಲ್ಲದು. ಸೊಲ್ಲು ಬಲ್ಲವರು ನಮ್ಮ ನಡುವೆ ಇರುವಾಗಲೇ ಮೊದಲ ಪದರವು ಸಿದ್ಧವಾಗಲಿ. ಹಿಮ್ಮೇಳವನ್ನು ಬಳಿಕವೂ ಸೇರಿಸಬಹುದು.