ಬೀದರದ ಮದರಸ

'ಮದರಸ' ಎಂಬ ಶಬ್ದ ನಮ್ಮ ಕಿವಿಗೆ ಹೊಸದಲ್ಲ. ಅರಬ್ಬಿಯಲ್ಲಿ 'ದರ್ಸ್' ಎಂದರೆ ಪಾಠ. ಪಾಠ ನಡೆಯುವ ಸ್ಥಳವೇ ಮದರಸ. ನಮ್ಮ 'ಪಾಠಶಾಲೆ' ಎಂಬ ಮಾತಿಗೂ ಅದಕ್ಕೂ ಅರ್ಥದಲ್ಲಿ ಭೇದವಿಲ್ಲ. ಕನ್ನಡನಾಡಿನ ಮದರಸಗಳಲ್ಲಿ ಬಹು ಹೆಸರಾದುದು ಬೀದರದ್ದು. ಅದು ಹೇಗೆ ಹುಟ್ಟಿ ಬೆಳೆಯಿತು, ಹೇಗೆ ಒಡೆದು ಹಾಳಾಯಿತು ಎಂಬುದನ್ನು ವಾಚಕರು ತಿಳಿಯಬೇಕು. ಆ ಕಥೆಯಲ್ಲಿ ನಮ್ಮ ನೆರೆಯ ಬೆಳಗಾವಿಯ ಹೆಸರೂ ಬರುತ್ತದೆ.

ಅದನ್ನು ಕಟ್ಟಿಸಿದವನು ಮಹಮೂದ್ ಗವಾನ್. ಪರ್ಶಿಯಾದ ಗೀಲಾನ್ ಪ್ರಾಂತದಲ್ಲಿ ಹುಟ್ಟಿದ ಈತ ವ್ಯಾಪಾರಕ್ಕೆಂದು 1453ರ ಸುಮಾರಿಗೆ ದಾಭೋಳ ಬಂದರದಲ್ಲಿ ಇಳಿದು ಬೀದರಕ್ಕೆ ಬಂದನು. ಬಹಮನಿ ಸುಲ್ತಾನರ ಸೇವೆಗೆ ಸೇರಿ, ಮೂರನೆಯ ಮುಹಮ್ಮದ ಶಾಹನ ಕಾಲಕ್ಕೆ ಪ್ರಧಾನಮಂತ್ರಿಯಾದನು. ಮದರಸ ಸಿದ್ಧವಾದದ್ದು 1472ರಲ್ಲಿ.

ಕಟ್ಟಡ 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ನಡುವೆ ವಿಶಾಲವಾದ ಅಂಗಳ. ಸುತ್ತಲೂ ಪಾಠದ ಕೋಣೆಗಳು, ಮಸೀದಿ, ಗ್ರಂಥಾಲಯ, ಗುರುಗಳ ಬಿಡಾರ, ವಿದ್ಯಾರ್ಥಿಗಳ ವಸತಿ. ಗ್ರಂಥಾಲಯದಲ್ಲಿ ಮೂರು ಸಾವಿರ ಹೊತ್ತಗೆಗಳಿದ್ದುವೆಂದು ಪ್ರತೀತಿ. ಎಲ್ಲವೂ ಕೈಬರಹದ ಪ್ರತಿಗಳೆಂಬುದನ್ನು ನೆನೆದರೆ ಆ ಸಂಖ್ಯೆಯ ತೂಕ ತಿಳಿದೀತು. ಮುಂಭಾಗಕ್ಕೆ ಖುರಾಸಾನದ ರೀತಿಯಲ್ಲಿ ಬಣ್ಣದ ಹೆಂಚುಗಳನ್ನು ಹೊದಿಸಿ, ಅವುಗಳಲ್ಲಿ ಕುರಾನಿನ ವಾಕ್ಯಗಳನ್ನು ಮೂಡಿಸಿದ್ದರು.

ಇಂಥ ವ್ಯವಸ್ಥೆ ಈ ನಾಡಿಗೆ ಅಪರಿಚಿತವಾಗಿರಲಿಲ್ಲ. ಬೀದರದ ದಕ್ಷಿಣಕ್ಕೆ, ಈಗಿನ ಕಲಬುರ್ಗಿ ಜಿಲ್ಲೆಯ ನಾಗಾವಿಯಲ್ಲಿದ್ದ ಘಟಿಕಾಸ್ಥಾನದ 1058ರ ಶಾಸನವು ಗುರುಶಿಷ್ಯರ ಜೊತೆಗೆ ಪುಸ್ತಕ ಕಾಯುವ 'ಸರಸ್ವತೀ ಭಂಡಾರಿಗ'ರನ್ನೂ ಹೆಸರಿಸುತ್ತದೆ. ಹೇಳುವವನಿಗೆ ಇರಲೊಂದು ಮನೆ, ಕೇಳುವವನಿಗೆ ಅನ್ನ, ಇಬ್ಬರಿಗೂ ಪುಸ್ತಕ: ಇವು ಮೂರೂ ಇಲ್ಲದೆ ವಿದ್ಯೆ ನಿಲ್ಲದೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ಗೋಡೆ ಎದ್ದ ಮಾತ್ರಕ್ಕೆ ಶಾಲೆಯಾಗದು. ಒಳ್ಳೆಯ ಗುರುಗಳಿಗಾಗಿ ಗವಾನನು ದೂರದ ದೇಶಗಳ ಪಂಡಿತರಿಗೆ ಪತ್ರ ಬರೆದನು. ಹಿರಾತದ ಪ್ರಸಿದ್ಧ ಕವಿ ಜಾಮಿಯನ್ನೂ ಕರೆದನು. ಆ ಕವಿ ಬರಲಿಲ್ಲ, ಪತ್ರವ್ಯವಹಾರವಂತೂ ನಡೆಯಿತು. ಗವಾನನ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಇಂದಿಗೂ ಉಳಿದಿದೆ. ಆತನು ತನ್ನ ಸ್ವಂತ ಖರ್ಚನ್ನು ವ್ಯಾಪಾರದ ಲಾಭದಿಂದಲೇ ನಡೆಸುತ್ತಿದ್ದನೆಂದು ಚರಿತ್ರಕಾರ ಫೆರಿಶ್ತಾ ಬರೆದಿದ್ದಾನೆ.

ಇಂಥವನಿಗೆ ಒದಗಿದ ಗತಿ ಏನು? ಆಸ್ಥಾನದ ಹಗೆಗಳು ಅವನ ಮುದ್ರೆಯನ್ನು ಕಪಟದಿಂದ ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆದಂತೆ ಸುಳ್ಳು ಪತ್ರವೊಂದನ್ನು ಸೃಷ್ಟಿಸಿದರು. ಸುಲ್ತಾನನು ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧನ ತಲೆ ಉರುಳಿತು. ಸತ್ಯ ತಿಳಿದ ಮೇಲೆ ಸುಲ್ತಾನನು ಪಶ್ಚಾತ್ತಾಪದಿಂದ ಬೆಂದು ಮರುವರ್ಷವೇ ತೀರಿಕೊಂಡನು. ರಾಜ್ಯವೂ ಕ್ರಮೇಣ ಐದು ಹೋಳಾಯಿತು. ಗವಾನನ ಕಟ್ಟಡ ಮಾತ್ರ ನಿಂತಿತು.

ಅದಕ್ಕೆ ಪೆಟ್ಟು ಬಿದ್ದದ್ದು ಬೇರೆ ಬಗೆಯಿಂದ. 1657ರಲ್ಲಿ ಬೀದರವು ಮೊಗಲರ ಕೈಸೇರಿದ ಮೇಲೆ ಪಾಠದ ಕೋಣೆಗಳು ಸೈನಿಕರ ಬಿಡಾರಗಳಾದವು. ಕೆಲವು ಮದ್ದಿನ ಉಗ್ರಾಣಗಳಾದವು. 1696ರ ಸುಮಾರಿಗೆ ಆ ಮದ್ದು ಸಿಡಿಯಿತು. ಸಿಡಿಲು ಬಡಿದು ಹಾಗಾಯಿತೆಂದು ಹೇಳುತ್ತಾರೆ. ಮುಂಭಾಗದ ದಕ್ಷಿಣದ ಪಾಲು, ಎರಡು ಮಿನಾರುಗಳಲ್ಲಿ ಒಂದು ನೆಲ ಕಂಡವು.

ಈಗ ಬೆಳಗಾವಿಯ ಮಾತು. 1473ರಲ್ಲಿ ಬೆಳಗಾವಿಯ ಕೋಟೆಯನ್ನು ಮುತ್ತಿದಾಗ, ಗೋಡೆಯಡಿ ಮದ್ದು ತುಂಬಿ ಸಿಡಿಸಿದವರು ಇದೇ ಗವಾನನ ಪಡೆಯವರು. ಅಂದು ಕೋಟೆಯನ್ನು ಒಡೆದ ಮದ್ದೇ ಎರಡು ಶತಮಾನ ಕಳೆದು ಅವನ ಶಾಲೆಯನ್ನೂ ಒಡೆಯಿತು. ಆಯುಧಕ್ಕೆ ಒಡೆಯನ ಗುರುತಿಲ್ಲ. ಪುಸ್ತಕವಿರಬೇಕಾದ ಕೋಣೆಯಲ್ಲಿ ಮದ್ದನ್ನಿಟ್ಟರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಬೀದರಕ್ಕೆ ಹೋದರೆ ಕೋಟೆಯನ್ನಷ್ಟೇ ನೋಡಿ ತಿರುಗಬೇಡಿರಿ. ಉಳಿದ ಮಿನಾರಿನ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಇನ್ನೂ ಅಂಟಿಕೊಂಡಿರುವ ನೀಲಿ ಹೆಂಚುಗಳನ್ನು ತೋರಿಸಿ, "ಇದೊಂದು ಸಾಲೆ, ತಮ್ಮಾ" ಎಂದು ಹೇಳಿರಿ.