ಮಗು ಎತ್ತಿಕೊಳ್ಳುವವಳ ಸೀರೆ

“ಕೂಸನ್ನ ಯಾವ ಕಡೆ ಎತ್ಕಂತೀಯಮ್ಮ?”

ಮೊಳಕಾಲ್ಮುರಿನ ನೇಕಾರರ ಮನೆಯೊಂದಕ್ಕೆ ಹೋಗಿ ನನಗೊಂದು ಸೀರೆ ನೇಯಿಸಬೇಕು ಅಂದಾಗ ಎದುರಾದ ಮೊದಲ ಪ್ರಶ್ನೆ ಇದು. ಬಣ್ಣ, ಬೆಲೆಯ ಮಾತು ಆಮೇಲೆ ಬಂತು. ಎಡಗಡೆ ಅಂದೆ. ಸೆರಗು ಬೀಳುವ ಹೆಗಲೂ ಅದೇ. “ಹಂಗಾದ್ರೆ ಸೆರಗಿಗೆ ಜರಿ ಜಾಸ್ತಿ ಬ್ಯಾಡ ಬಿಡು. ಮಲಗಿದ ಕೂಸಿನ ಕೆನ್ನೆ ಗೀರ್ತೈತಿ. ಅಂಚಿಗೆ ಎಷ್ಟು ಬೇಕಾದ್ರೂ ಹಾಕ್ಸು, ಹೆಗಲ ಮೇಲೆ ಬರೋ ಕಡೆ ಬರೀ ರೇಷ್ಮೆ ಇರ್ಲಿ” ಎಂದರು ಆ ಮನೆಯ ಅಕ್ಕ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಕೈ ನಿಲ್ಲಿಸದೆ.

ಆ ಮಾತು ನನ್ನನ್ನು ಅಷ್ಟು ಅಲುಗಾಡಿಸಿದ್ದಕ್ಕೆ ಕಾರಣವಿದೆ. ಕೆಲವು ದಿನಗಳ ಹಿಂದಷ್ಟೇ ಚಳ್ಳಕೆರೆಯ ನಮ್ಮ ಮನೆಗೆ ಬಟ್ಟೆಯ ಪೆಟ್ಟಿಗೆಯೊಂದು ಬಂದಿತ್ತು. ಮೊಬೈಲಿನಲ್ಲಿ ಒಂದಿಷ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ನಿಮಗೊಪ್ಪುವ ಉಡುಪನ್ನು ನುರಿತವರೇ ಆರಿಸಿ ಕಳಿಸುತ್ತಾರೆ, ಬೇಕಾದ್ದು ಇಟ್ಟುಕೊಂಡು ಬೇಡದ್ದು ವಾಪಸ್ ಮಾಡಿ ಎನ್ನುವ ಸೇವೆ ಅದು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿರುವ ನನಗೆ ಅದರ ಮೇಲೆ ಆಸೆ ಹುಟ್ಟಿದ್ದು ಸಹಜ. ಹಸುಗೂಸು ಕಟ್ಟಿಕೊಂಡು ಬಟ್ಟೆ ಅಂಗಡಿಗೆ ಹೋದವರಿಗೆ ಗೊತ್ತು: ಕೌಂಟರಿನ ಮೇಲೆ ಸೀರೆ ಬಿಚ್ಚುವ ಹೊತ್ತಿಗೇ ಮಗು ಅಳುತ್ತದೆ, ಹಾಕಿ ನೋಡುವ ಮಾತು ದೂರವೇ ಉಳಿಯಿತು.

ಪ್ರಶ್ನಾವಳಿ ಉದ್ದವಿತ್ತು. ಮೈಕಟ್ಟು, ಎತ್ತರ, ಇಷ್ಟದ ಬಣ್ಣ, ತೋಳು ಎಷ್ಟುದ್ದ ಇರಬೇಕು. ಎಲ್ಲಿಗೆ ಉಡುತ್ತೀರಿ ಎಂಬುದಕ್ಕೆ ಕಚೇರಿ, ಪಾರ್ಟಿ, ಪ್ರವಾಸ, ಹಬ್ಬ ಅಂತಿತ್ತು. ಮನೆ ಎಂಬ ಆಯ್ಕೆ ಇರಲಿಲ್ಲ. ಹಾಲೂಡಿಸುತ್ತೀರಾ ಎಂದು ಯಾರೂ ಕೇಳಲಿಲ್ಲ. ಬಂದ ಕುರ್ತಾಗಳೆಲ್ಲ ಅಂದವಾಗಿಯೇ ಇದ್ದವು. ಒಂದಕ್ಕೂ ಮುಂದೆ ಗುಂಡಿ ಇರಲಿಲ್ಲ, ಒಂದಕ್ಕಂತೂ ಎದೆಯ ತುಂಬ ಕನ್ನಡಿ ಚೂರು. ಮಗು ಮಲಗಿದ ಮೇಲೆ ಬಾಗಿಲು ಹಾಕಿಕೊಂಡು ಒಂದೊಂದೇ ಹಾಕಿ ನೋಡಿದ ಆ ಹೊತ್ತಿನ ಖುಷಿ ಮಾತ್ರ ನಿಜವಾದದ್ದು. ಬಹಳ ದಿನಗಳ ಮೇಲೆ ನನಗಾಗಿ ಅಂತ ಒಬ್ಬರು ಏನನ್ನೋ ಆರಿಸಿದ್ದರು. ಒಂದು ದುಪಟ್ಟಾ ಇಟ್ಟುಕೊಂಡು ಉಳಿದದ್ದು ಕಟ್ಟಿ ಕಳಿಸಿದೆ.

ಈ ವ್ಯಾಪಾರದ ಮೂಲ ಅಮೆರಿಕದ್ದು. 2011ರಲ್ಲಿ ಕತ್ರೀನಾ ಲೇಕ್ ಎಂಬಾಕೆ ಹಾರ್ವರ್ಡಿನಲ್ಲಿ ಓದುತ್ತಿರುವಾಗಲೇ ಶುರುಮಾಡಿದ ‘ಸ್ಟಿಚ್ ಫಿಕ್ಸ್’ ಇದನ್ನು ಮನೆಮಾತಾಗಿಸಿತು. ಶುರುವಿನಲ್ಲಿ ಪೆಟ್ಟಿಗೆಗೆ ಐದು ಉಡುಪು. ಆರಿಸಿಕೊಟ್ಟದ್ದಕ್ಕೆ 20 ಡಾಲರ್. ಏನಾದರೂ ಕೊಂಡರೆ ಅದು ಬೆಲೆಯಲ್ಲಿ ವಜಾ. ಗಿರಾಕಿಯ ಉತ್ತರಗಳನ್ನು ಮೊದಲು ಕಂಪ್ಯೂಟರ್ ಜರಡಿ ಹಿಡಿಯುತ್ತದೆ, ಕೊನೆಯ ಆಯ್ಕೆ ಮನುಷ್ಯರದ್ದು. 2017ರಲ್ಲಿ ಕಂಪನಿ ಷೇರುಪೇಟೆಗೆ ಬಂದ ದಿನ ಲೇಕ್ ತನ್ನ ಪುಟ್ಟ ಮಗನನ್ನು ಎತ್ತಿಕೊಂಡೇ ವೇದಿಕೆಯಲ್ಲಿ ನಿಂತಿದ್ದಳು. ಆ ಫೋಟೊ ನನಗೆ ತುಂಬ ಇಷ್ಟ. ಹಾಗೆ ನಿಂತವಳು ಕಟ್ಟಿದ ವ್ಯವಸ್ಥೆ ಊರೂರು ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕಂಕುಳ ಕೂಸೇ ಪ್ರಶ್ನೆಪಟ್ಟಿಯಿಂದ ಜಾರಿಹೋಗಿದೆ.

ಮನೆ ಬಾಗಿಲಿಗೆ ಬಟ್ಟೆ ಬರುವುದು, ತಿಂಗಳು ತಿಂಗಳು ದುಡ್ಡು ಕಟ್ಟುವುದು ನಮ್ಮ ಕಡೆಯ ಹೆಂಗಸರಿಗೆ ಹೊಸದೇನೂ ಅಲ್ಲ. ಗಂಟು ಹೊತ್ತು ಬರುವ ಸೀರೆಯವರು ಜಗಲಿಯ ಮೇಲೆ ಗಂಟು ಬಿಚ್ಚಿದರೆ ಬೀದಿಯ ಹೆಂಗಸರೆಲ್ಲ ಸೇರುತ್ತಿದ್ದರು. ಉದ್ದರಿ ಬರೆದುಕೊಳ್ಳಲು ಅವರ ಜೇಬಿನಲ್ಲೊಂದು ಪುಸ್ತಕ. ಸೀರೆ ಚೀಟಿಯಂತೂ ಈಗಲೂ ನಡೆಯುತ್ತಿದೆ: ಇಷ್ಟು ಜನ, ತಿಂಗಳಿಗಿಷ್ಟು, ಪ್ರತಿ ತಿಂಗಳೂ ಚೀಟಿ ಎತ್ತುವುದು, ಹೆಸರು ಬಂದವರಿಗೆ ಸೀರೆ. ಈ ಗಂಟಿನವರ ನೆನಪು ನನ್ನ ಅಮ್ಮನ ಓರಗೆಯವರಿಗೆಲ್ಲ ಇದೆ. ಯಾವ ಮನೆಯಲ್ಲಿ ಯಾರು ಬಸುರಿ, ಯಾರ ಮಗಳು ನೆರೆದಿದ್ದಾಳೆ, ಯಾರ ಮನೆಯಲ್ಲಿ ಸಾವಾಗಿದೆ ಎಂದು ತಿಳಿದುಕೊಂಡೇ ಅವರು ಗಂಟಿನಿಂದ ಸೀರೆ ತೆಗೆಯುತ್ತಿದ್ದರಂತೆ. ಕಂಪ್ಯೂಟರಿಗೆ ನಾವು ತುಂಬಿಕೊಡಬೇಕಾದ ವಿವರ ಅವರಿಗೆ ಬೀದಿಯಲ್ಲೇ ಸಿಗುತ್ತಿತ್ತು.

ಪೆಟ್ಟಿಗೆ ವಾಪಸ್ ಹೋದ ಮೇಲೆ ನೆರೆಯ ಹಿರಿಯರೊಬ್ಬರು “ಪಕ್ಕದಲ್ಲೇ ಮೊಳಕಾಲ್ಮುರು ಇಟ್ಕಂಡು ಯಾಕಮ್ಮ ಇದೆಲ್ಲ” ಎಂದರು. ಬಳ್ಳಾರಿ ರಸ್ತೆ ಹಿಡಿದು ತಳುಕು, ಬಿ.ಜಿ. ಕೆರೆ ದಾಟಿ ಹಾನಗಲ್ಲಿನ ಬಳಿ ಬಲಕ್ಕೆ ತಿರುಗಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳಿಂದಾಗಿ ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ ತಾಲ್ಲೂಕು ಇದು. ಇಲ್ಲಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಮದುವೆ ಜವಳಿಗೆ ಬರುವ ಚಿತ್ರದುರ್ಗದ ಸೀಮೆಯವರಿಗೆ ಆ ಮಾನ್ಯತೆಗೂ ಮೊದಲೇ ಊರಿನ ಹೆಸರು ಸಾಕಾಗಿತ್ತು.

ನಾನು ಹೋದ ಮನೆಯಲ್ಲಿ ನಡುಮನೆಯ ಅರ್ಧ ಜಾಗ ಮಗ್ಗದ್ದೇ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲಿಳಿಬಿಟ್ಟು ಯಜಮಾನರು ಕೂತಿದ್ದರು. ವಿನ್ಯಾಸ ಮೂಡಿಸಲು ಮಗ್ಗದ ಮೇಲಿಟ್ಟ ಜಕಾರ್ಡಿನಿಂದ ತೂತು ಬಿದ್ದ ರಟ್ಟುಗಳ ಮಾಲೆ ಇಳಿಬಿದ್ದಿತ್ತು. ಮಗ್ಗದ ಕಂಬದ ಮೊಳೆಗೆ ಮೊಮ್ಮಗಳ ಶಾಲೆಯ ಚೀಲ. ಅಕ್ಕ ರಾಟೆಯ ಮುಂದೆ. ನನ್ನ ಮಗು ಲಾಳಿಯ ಸದ್ದಿಗೆ ಅಳು ನಿಲ್ಲಿಸಿ ಕಣ್ಣರಳಿಸಿತು. ಕೂಸನ್ನು ಯಾವ ಕಡೆ ಎತ್ತಿಕೊಳ್ಳುತ್ತೀ ಎಂಬ ಪ್ರಶ್ನೆ ಬಂದದ್ದು ಆಗಲೇ, ಅದರ ಹಿಂದೆ ಇನ್ನಷ್ಟು. ಸೀರೆ ಯಾವ ಕಾರ್ಯಕ್ಕೆ? ತವರಿನದೋ ಅತ್ತೆಮನೆಯದೋ? ದಿನಾ ಸೀರೆ ಉಡೋ ರೂಢಿ ಐತೋ, ಇಲ್ಲ ಉಟ್ಟರೆ ಜಾರ್ತದೆ ಅಂತ ಪಿನ್ನು ಚುಚ್ತೀಯೋ? ಪಿನ್ನು ಚುಚ್ಚುವವರಾದರೆ ತೆಳು ರೇಷ್ಮೆ ಹರಿಯುತ್ತದೆ, ಒಡಲು ಸ್ವಲ್ಪ ಗಟ್ಟಿ ನೇಯಬೇಕು. ಪ್ರತಿ ಉತ್ತರಕ್ಕೂ ಸೀರೆಯಲ್ಲಿ ಎಲ್ಲೋ ಒಂದು ಕಡೆ ಬದಲಾವಣೆ ಆಗುತ್ತಿತ್ತು.

ನನಗೆ ಅಲ್ಲಿ ಹುಚ್ಚು ಹಿಡಿಸಿದ್ದು ಒಡಲಿಗೆ ಅಂಚು ಕೂಡಿಸುವ ಕುಟ್ಟು. ಕುಟ್ಟು ಅಂಚಿನ ಸೀರೆ ಎಂಬ ಮಾತನ್ನು ಅಂಗಡಿಗಳಲ್ಲಿ ಕೇಳಿದ್ದೆ, ಹೊಲಿದು ಜೋಡಿಸುತ್ತಾರೆ ಅಂದುಕೊಂಡವರೂ ಇದ್ದಾರೆ. ಸೂಜಿಯೇ ಇಲ್ಲ ಅಲ್ಲಿ. ಸಾಮಾನ್ಯ ಸೀರೆಯಲ್ಲಿ ಹೊಕ್ಕಿನ, ಅಂದರೆ ಅಡ್ಡಕ್ಕೆ ಹಾಯುವ ಎಳೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ. ಒಡಲಿನ ಬಣ್ಣವೇ ಅಂಚಿನಲ್ಲೂ ಹಾಯುವುದರಿಂದ ಹಸಿರು ಒಡಲಿಗೆ ಕೆಂಪು ಅಂಚು ಇಟ್ಟರೆ ಆ ಕೆಂಪಿಗೆ ಹಸಿರಿನ ಛಾಯೆ ಬಂದೇ ಬರುತ್ತದೆ. ಕುಟ್ಟಿನಲ್ಲಿ ಲಾಳಿ ಮೂರು: ಒಡಲಿಗೊಂದು, ಎರಡು ಅಂಚಿಗೆ ಎರಡು. ಒಡಲಿನ ಎಳೆ ಅಂಚಿನ ಗಡಿಯವರೆಗೆ ಬಂದು, ಎದುರಿನಿಂದ ಬಂದ ಅಂಚಿನ ಎಳೆಯನ್ನು ಕೊಂಡಿ ಹಾಕಿಕೊಂಡು ಹಿಂದಿರುಗುತ್ತದೆ. ಪ್ರತಿ ಎಳೆಗೂ ಹೀಗೆ, ಸೀರೆಯ ಉದ್ದಕ್ಕೂ, ಎರಡೂ ಬದಿಗೆ. ಅದಕ್ಕೇ ಅಂಚಿನ ಕೆಂಪು ಉದ್ದಕ್ಕೆ ಹರಡಿದ ಹಾಸಿನಲ್ಲೂ ಕೆಂಪು, ಹೊಕ್ಕಿನಲ್ಲೂ ಕೆಂಪು. ಬೆಳಕಿಗೆ ಹಿಡಿದರೂ ಬೇರೆ ಬಣ್ಣ ಇಣುಕದು. ಬೀರುವಿನಿಂದ ಹಳೆಯ ಸೀರೆಯೊಂದನ್ನು ತೆಗೆದು ಮಡಿಲಲ್ಲಿ ಮಗುಚಿ ಹಾಕಿ, ಅಕ್ಕ ನನ್ನ ಬೆರಳು ಹಿಡಿದು ಆ ಗಡಿಯ ಮೇಲೆ ಎಳೆದರು. ಕಣ್ಣಿಗೆ ಕಾಣದ ಸಣ್ಣ ಏಣು ಬೆರಳಿಗೆ ಸಿಕ್ಕಿತು. ಆಚೀಚೆ ಎಳೆದು ಜಗ್ಗಿದರೂ ಬಟ್ಟೆ ಬಾಯಿ ಬಿಡಲಿಲ್ಲ. ಮನೆಗೆ ಬಂದವಳೇ ನನ್ನ ಮದುವೆಯ ಸೀರೆ, ಅತ್ತೆಯವರ ಸೀರೆ, ಓರಗಿತ್ತಿಯ ಸೀರೆ ಎಲ್ಲವನ್ನೂ ತಿರುವಿ ಬೆರಳಾಡಿಸಿದ್ದೇನೆ. ಅತ್ತೆಯವರ ಒಂದು ಹಳೇ ಸೀರೆಯಲ್ಲಿ ಸಿಕ್ಕಿತು. ಅವರಿಗೇ ಅದು ಗೊತ್ತಿರಲಿಲ್ಲ. ಈಗ ಯಾರ ಮನೆಗೆ ಹೋದರೂ ಸೀರೆಯ ಹಿಂಬದಿ ನೋಡುವ ಚಟ ನನಗೆ.

ಈ ಕೊಂಡಿ ಹಾಕಲು ಒಬ್ಬರ ಕೈ ಸಾಲದು. ಮಗ್ಗದ ಪಕ್ಕ ಇನ್ನೊಬ್ಬರು ಕೂತು ಅಂಚಿನ ಲಾಳಿ ದಾಟಿಸಬೇಕು. ಆ ಮನೆಯಲ್ಲಿ ಮದುವೆಯಾಗಿ ಬಂದಾಗಿನಿಂದ ಆ ಜಾಗ ಅಕ್ಕನದೇ. ಅವರೂ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡೇ ಲಾಳಿ ಕೊಟ್ಟವರು. ಜರಿ ಕೆನ್ನೆ ಗೀರುವುದು ಅವರಿಗೆ ಗೊತ್ತಾದದ್ದು ಹಾಗೆ. ಏನು ಕೆಲಸ ಮಾಡ್ತೀರಿ ಅಂತ ಯಾರಾದರೂ ಕೇಳಿದರೆ ಏನಂತೀರಿ ಎಂದೆ. “ಏನಿಲ್ಲ, ಮನ್ಯಾಗೇ ಇರ್ತೀನಿ ಅಂತೀನಿ” ಎಂದರು. ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವರು ಸುತ್ತಿದ ಕಂಡಿಕೆಯಿಲ್ಲದೆ ಲಾಳಿ ಓಡದು, ಅವರು ದಾಟಿಸಿದ ಲಾಳಿಯಿಲ್ಲದೆ ಅಂಚು ಕೂಡದು. ಕೂಲಿ ಮಾತ್ರ ಸೀರೆಗಿಷ್ಟು ಅಂತ ಮಗ್ಗದ ಲೆಕ್ಕದಲ್ಲಿ ಬರುತ್ತದೆ, ಒಂದೇ ಹೆಸರಿಗೆ. 2019-20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಮಂದಿ ನೇಕಾರರು ಮತ್ತು ಪೂರಕ ಕೆಲಸದವರು ಇದ್ದಾರೆಂದು ಎಣಿಸಿತು. ಅವರಲ್ಲಿ ಶೇ 70ಕ್ಕಿಂತ ಹೆಚ್ಚು ಹೆಂಗಸರು. ಮಾತು ಬಂದಾಗ ಮಾತ್ರ ನಾವು ‘ನೇಕಾರ’ ಎನ್ನುತ್ತಲೇ ಇದ್ದೇವೆ.

ಮಗ್ಗಗಳು ಕಡಿಮೆಯಾಗುತ್ತಿವೆ ಎಂಬ ಸಂಕಟ ಆ ಮನೆಯಲ್ಲೂ ಇತ್ತು. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ 1985ರ ಕಾಯ್ದೆ ಇದ್ದರೂ ವಿದ್ಯುತ್ ಮಗ್ಗದ ಸೀರೆ ಅದೇ ವಿನ್ಯಾಸ ಹೊತ್ತು ಕಡಿಮೆ ಬೆಲೆಗೆ ಬರುತ್ತದೆ. ಮಕ್ಕಳು ಬೆಂಗಳೂರಿಗೆ, ಬಳ್ಳಾರಿಯ ಜೀನ್ಸ್ ಘಟಕಗಳಿಗೆ ಹೋಗುತ್ತಾರೆ. ಪೆಟ್ಟಿಗೆ ಕಳಿಸುವ ಕಂಪನಿಗಳ ಮೇಲೆ ನನಗೆ ಕೋಪವಿಲ್ಲ; ಬಾಣಂತನ ಮುಗಿದ ಹೆಣ್ಣಿಗೆ ಮನೆಯಲ್ಲೇ ಹಾಕಿ ನೋಡುವ ಅವಕಾಶ ದೊಡ್ಡದು. ಆದರೆ ಆರಿಸುವವರು ಈ ಅಕ್ಕನಂಥವರಾಗಿದ್ದು, ಅದಕ್ಕೆ ಅವರ ಹೆಸರಿಗೇ ದುಡ್ಡು ಬರುವಂತಿದ್ದರೆ ನಾನು ತಿಂಗಳು ತಿಂಗಳೂ ಚಂದಾ ಕಟ್ಟಲು ತಯಾರಿದ್ದೇನೆ.

ಮೊಳಕಾಲ್ಮುರಿಗೆ ಹೋಗುವವರು ಹಗಲು ಬೆಳಕಿರುವಾಗ ಹೋಗಿ. ಟ್ಯೂಬ್‌ಲೈಟಿನ ಕೆಳಗೆ ರೇಷ್ಮೆಯ ಬಣ್ಣ ಮೋಸ ಮಾಡುತ್ತದೆ. ಸಿಲ್ಕ್ ಮಾರ್ಕ್ ಚೀಟಿ ರೇಷ್ಮೆ ಶುದ್ಧವೆಂದು ಹೇಳುತ್ತದೆಯೇ ಹೊರತು ಕೈಮಗ್ಗದ್ದೆಂದು ಹೇಳುವುದಿಲ್ಲ, ಅದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆಯೇ ಇದೆ. ಅಂಚನ್ನು ಮಗುಚಿ ಕುಟ್ಟು ಹುಡುಕಿ. ಮಗು ಇದ್ದರೆ ಕರೆದುಕೊಂಡೇ ಹೋಗಿ. ಹೇಳಿದ ಕೂಡಲೇ ಸೀರೆ ಸಿಗದು, ಮಗ್ಗದ ಮೇಲಿರುವ ಹಾಸು ಮುಗಿಯಬೇಕು. ನನ್ನ ಸರದಿ ದೀಪಾವಳಿಯ ಹೊತ್ತಿಗೆ ಎಂದಿದ್ದಾರೆ.