ಸ್ಫೂರ್ತಿ ಬಾರದ ದಿನದ ಕೆಲಸ

ಕವಿತೆ ಬರೆಯಬೇಕೆಂಬ ಹಂಬಲ ನನಗೆ ವಿದ್ಯಾರ್ಥಿದೆಸೆಯಲ್ಲಿಯೇ ಹುಟ್ಟಿತ್ತು. ಅದಕ್ಕೆಂದೇ ದಪ್ಪ ರಟ್ಟಿನ ಪುಸ್ತಕವೊಂದನ್ನು ಕೊಂಡು, ಸ್ಫೂರ್ತಿಯ ಆಗಮನವನ್ನು ನಿರೀಕ್ಷಿಸುತ್ತ ಕುಳಿತೆ. ನಿವೃತ್ತನಾದ ಮೇಲೆ ಅಟ್ಟದಿಂದ ಪುಸ್ತಕಗಳನ್ನು ಇಳಿಸುವಾಗ ಅದು ಕೈಗೆ ಸಿಕ್ಕಿತು. ಹನ್ನೊಂದು ಪುಟಗಳ ಹೊರತು ಉಳಿದುದೆಲ್ಲ ಖಾಲಿ. ತಪ್ಪು ಸ್ಫೂರ್ತಿಯದಲ್ಲ, ಕಾದು ಕುಳಿತ ನನ್ನದು. ಇದನ್ನು ನನಗೆ ಮನಗಾಣಿಸಿದುದು ಸಂಗೀತಶಾಸ್ತ್ರ.

ತಂಜಾವೂರಿನ ನಾಯಕ ಅರಸರಿಗೆ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ. ಆತನು ಹದಿನೇಳನೆಯ ಶತಮಾನದಲ್ಲಿ ರಚಿಸಿದ ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಒಂದು ಸರಳವಾದ ಲೆಕ್ಕವಿದೆ. ಷಡ್ಜ ಪಂಚಮಗಳು ಅಚಲ. ರಿಷಭ ಗಾಂಧಾರಗಳು ಜೊತೆಗೂಡುವ ಬಗೆ 6. ಧೈವತ ನಿಷಾದಗಳದೂ 6. ಆರಾರಲಿ 36. ಮಧ್ಯಮವು ಎರಡು ವಿಧ. ಅಲ್ಲಿಗೆ ಮೇಳಗಳು 72. ಅವುಗಳಲ್ಲಿ ಅಂದು ಪ್ರಸಿದ್ಧವಾಗಿದ್ದವು 19 ಮಾತ್ರ. ಮಿಕ್ಕ 53 ಮನೆಗಳನ್ನು ಆತನು ಮುಂದೆ ಹುಟ್ಟಬಹುದಾದ ರಾಗಗಳಿಗೆಂದು ಕಟ್ಟಿಟ್ಟನು.

ಲೆಕ್ಕದಿಂದ ರಾಗ ಹುಟ್ಟೀತೆ ಎಂದು ನೀವು ಕೇಳಬಹುದು. ಹುಟ್ಟದು. ಲೆಕ್ಕವು ಕೊಡುವುದು ಸ್ವರಗಳ ಸಾಲನ್ನು ಮಾತ್ರ. ಯಾವ ಸ್ವರದ ಮೇಲೆ ನಿಲ್ಲಬೇಕು, ಯಾವುದನ್ನು ಕಂಪಿಸಬೇಕು, ಯಾವುದನ್ನು ಮುಟ್ಟಿಯೂ ಮುಟ್ಟದಂತೆ ದಾಟಬೇಕು ಎಂಬುದು ಹಾಡಿ ಹಾಡಿಯೇ ತಿಳಿಯಬೇಕಾದುದು. ಆದರೆ ಮನೆಯೇ ಇಲ್ಲದಿದ್ದರೆ ದೀಪವನ್ನು ಎಲ್ಲಿ ಹಚ್ಚುವುದು? ಆ ಖಾಲಿ ಮನೆಗಳಲ್ಲಿ 26ನೆಯದಕ್ಕೆ ಇಂದು ಚಾರುಕೇಶಿಯೆಂದು ಹೆಸರು. ತ್ಯಾಗರಾಜರು (1767–1847) ಅದರಲ್ಲಿ ಕೃತಿ ರಚಿಸಿದರು; ಮುಂದೆ ಹಿಂದುಸ್ತಾನಿ ಗಾಯಕರೂ ಆ ರಾಗವನ್ನು ತಮ್ಮದಾಗಿಸಿಕೊಂಡರು.

ನಮ್ಮ ಮೈಸೂರಿನ ನಿದರ್ಶನವನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಅಪೇಕ್ಷೆಯಂತೆ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ಚಾಮುಂಡೇಶ್ವರಿಯ ಅಷ್ಟೋತ್ತರದ ಮೇಲೆ 108 ಕನ್ನಡ ಕೃತಿಗಳಿಗೆ ಸಂಗೀತ ನೀಡಿದರು. ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಕೊಂಡ ಕಾರ್ಯವಿದು. ಸ್ಫೂರ್ತಿ ಬಂದ ದಿನ ಮಾತ್ರ ಕುಳಿತಿದ್ದರೆ ಮುಗಿಯುತ್ತಿತ್ತೆ? ಮೋಹನಕಲ್ಯಾಣಿಯೂ ಅವರ ಸೃಷ್ಟಿಯೆಂದೇ ಪ್ರಸಿದ್ಧಿ. ಏರುವಾಗ ಮೋಹನ, ಇಳಿಯುವಾಗ ಕಲ್ಯಾಣಿ. ಎರಡೂ ಹಳೆಯವು, ಕೂಡಿದಾಗ ಹುಟ್ಟಿದುದು ಹೊಸತು.

ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸಗಳು ಒಂದುಗೂಡಿಯೇ ಕಾರಣವೆಂದು ಮಮ್ಮಟನು ಹೇಳಿದ್ದನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ವಿವರಿಸಿದವನು. ಮೂರನೆಯದು ನನಗೂ ಅನ್ವಯಿಸುತ್ತದೆಂಬುದು ಮಾತ್ರ ಹೊಳೆದಿರಲಿಲ್ಲ.

ಈಗ ಪ್ರತಿದಿನ ಬೆಳಗ್ಗೆ ಆ ಪುಸ್ತಕವನ್ನು ಬಿಚ್ಚುತ್ತೇನೆ. ಪರಿಚಿತವಾದ ಎರಡು ಸಂಗತಿಗಳನ್ನು ಆರಿಸಿಕೊಂಡು, ಗೊತ್ತಾದ ಒಂದು ಛಂದಸ್ಸಿನಲ್ಲಿ ಕೂಡಿಸಿ ನೋಡುತ್ತೇನೆ. ಹತ್ತರಲ್ಲಿ ಒಂಬತ್ತು ನಿಸ್ಸತ್ವ. ಹತ್ತನೆಯದರಲ್ಲಿ ಒಮ್ಮೊಮ್ಮೆ ನಾನು ಎಣಿಸದಿದ್ದ ಒಂದು ಸಾಲು ಬಂದು ಕೂರುತ್ತದೆ. ಸ್ಫೂರ್ತಿಯೆಂದರೆ ಅದೇ ಇರಬೇಕು. ಕೆಲಸ ನಡೆದಿರುವ ಮನೆಗೆ ಅದು ಬರುತ್ತದೆ. ಪುಸ್ತಕದಲ್ಲಿ ಇನ್ನೂ ಬೇಕಾದಷ್ಟು ಪುಟಗಳಿವೆ.